ನೆಕ್ಕಪ್ಪನ ಕೊಳ

ಕೊಳದಲ್ಲಿ ಇರಬಾರದ ಮೀನೊಂದು ಇದೆಯೆಂದು ಸುಮನಾಗೆ ಗೊತ್ತಾದಾಗ ಅವಳು ಅದರ ಬಾಲದ ತುದಿಯನ್ನೂ ಕಂಡಿರಲಿಲ್ಲ. ಕಂಡದ್ದು ಕೆಲವು ಬಾಟಲಿ ನೀರನ್ನು ಮಾತ್ರ.

ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಕಡೆ ಹೋಗುವಾಗ, ಏರು ಶುರುವಾಗುವುದಕ್ಕೆ ಮೊದಲೇ ಎಡಕ್ಕೆ ಒಂದು ಮಣ್ಣುರಸ್ತೆ ತಿರುಗುತ್ತದೆ. ಅದರ ಕೊನೆಯಲ್ಲಿ ಮಲ್ಲಪ್ಪನ ಗುಡಿ, ಗುಡಿಯ ಮುಂದೆ ಕಲ್ಲುಮೆಟ್ಟಿಲಿನ ಕೊಳ. ಮಳೆಗಾಲದಲ್ಲಿ ಕೊಳ ತುಂಬಿ ಪಕ್ಕದ ಹಳ್ಳಕ್ಕೆ ಬೀಳುತ್ತದೆ. ಆ ಹಳ್ಳದಲ್ಲಿ ಬೆರಳುದ್ದದ ಒಂದು ಮೀನು ಇನ್ನೂ ಉಳಿದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಸುಮನಾ ಹೋಗಿದ್ದಳು. ಊರಿನವರು ಪಟ್ಟೆಮೀನು ಎನ್ನುತ್ತಿದ್ದ ಅದು ಸುತ್ತಲಿನ ಬೇರೆಲ್ಲ ಹಳ್ಳಗಳಿಂದ ಮಾಯವಾಗಿತ್ತು. ಕೊಳಕ್ಕಿಂತ ಮೇಲೆ, ಹಳ್ಳದ ಮೇಲ್ಭಾಗದ ನೀರಿನಲ್ಲಿ ಅದರ ಗುರುತು ಸಿಕ್ಕಿತು. ತೀರ ತೆಳ್ಳಗೆ, ಆದರೆ ಅನುಮಾನವಿಲ್ಲದಂತೆ. ಮೈಸೂರಿನ ಲ್ಯಾಬಿನಲ್ಲಿ ಅವಳು ಕುಣಿಯುವುದೊಂದೇ ಬಾಕಿ. ಅಷ್ಟರಲ್ಲಿ ಕೊಳದ ನೀರಿನ ಫಲಿತಾಂಶವೂ ಬಂತು.

ಸುಮನಾಳ ಕೆಲಸವೇ ಇದು. ನೀರಿನಲ್ಲಿ ಬದುಕುವ ಪ್ರಾಣಿ ಮೈಯ ಲೋಳೆಯನ್ನೋ, ಉದುರಿದ ಹುರುಪೆಯನ್ನೋ, ಏನಾದರೊಂದನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಆ ನೀರನ್ನು ಸೋಸಿ, ಸೋಸುಹಾಳೆಗೆ ಅಂಟಿದ ಡಿಎನ್‌ಎಯನ್ನು ಓದಿದರೆ ಅಲ್ಲಿ ಯಾರು ಯಾರಿದ್ದಾರೆಂದು ತಿಳಿಯುತ್ತದೆ. ಬಲೆ ಬೇಡ, ಗಾಳ ಬೇಡ. ಕೆಮ್ಮಣ್ಣುಗುಂಡಿಯ ಹಳೆಯ ಅದಿರಿನ ಗುಂಡಿಗಳಲ್ಲಿ ನಿಂತ ನೀರಿನಿಂದ ಕಪ್ಪೆಗಳನ್ನು ಹುಡುಕಿ ಅವಳು ಡಾಕ್ಟರೇಟ್ ಪಡೆದಿದ್ದಳು. ಆಮೇಲೆ ಕಡೂರು ಸೀಮೆಯ ಕೆರೆಗಳಲ್ಲಿ ಹೊರದೇಶದ ಕ್ಯಾಟ್‌ಫಿಶ್ ಎಲ್ಲೆಲ್ಲಿ ನುಗ್ಗಿದೆಯೆಂದು ನಕ್ಷೆ ಮಾಡಿದ್ದಳು. ಯಗಟಿಯ ತವರಿನಲ್ಲಿ ತಾಯಿ ತೀರ್ಥಮ್ಮ ಕೇಳಿದವರಿಗೆಲ್ಲ, “ನಮ್ ಸಣ್ಣೋಳು ನೀರು ಸೋಸೋ ಕೆಲಸದಲ್ಲವ್ಳೆ” ಎಂದುಬಿಡುತ್ತಿದ್ದಳು. ತಪ್ಪೇನೂ ಇರಲಿಲ್ಲ.

ಈ ಕೆಲಸದಲ್ಲಿ ‘ಇದೆ’ ಎನ್ನುವುದು ಸುಲಭ. ಒಂದು ಬಾಟಲಿಯಲ್ಲಿ ಸಿಕ್ಕಿದರೆ ಸಾಕು. ‘ಇಲ್ಲ’ ಎನ್ನುವುದು ಕಷ್ಟ. ಮತ್ತೆ ಹೋಗಬೇಕು, ಮಳೆಯಲ್ಲಿ ಹೋಗಬೇಕು, ಬೇಸಿಗೆಯಲ್ಲಿ ಹೋಗಬೇಕು. ಆಮೇಲೂ ‘ಇಲ್ಲ’ ಎಂದು ಬರೆಯುವಾಗ ಸುಮನಾಳ ಕೈ ಹಿಂಜರಿಯುತ್ತಿತ್ತು.

ಕೊಳದ ನೀರಿನಲ್ಲಿ ಇದೆ ಎಂದು ಬಂದದ್ದು ಅಕ್ವೇರಿಯಂ ಅಂಗಡಿಗಳವರು ಟ್ಯಾಂಕ್ ಕ್ಲೀನರ್ ಎನ್ನುವ ಮೀನು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುವ, ಮೈಯೆಲ್ಲ ಕವಚದಂಥ ಹುರುಪೆಯ ಕಪ್ಪು ಮೀನು. ಗಾಜಿನ ಪೆಟ್ಟಿಗೆಯಲ್ಲಿ ಸಾಧು. ಹೊರಗೆ ಬಿಟ್ಟರೆ ದಡ ಕೊರೆದು ಬಿಲ ಮಾಡಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ, ಬೇರೆ ಮೀನುಗಳ ಮೇವನ್ನೂ ಮೊಟ್ಟೆಯನ್ನೂ ನೆಕ್ಕಿ ಮುಗಿಸುತ್ತದೆ. ಮಳೆ ಬಂದು ಕೊಳ ಉಕ್ಕಿದರೆ ಹಳ್ಳಕ್ಕಿಳಿಯುತ್ತದೆ. ಹಳ್ಳಕ್ಕಿಳಿದರೆ ಪಟ್ಟೆಮೀನಿನ ಕಥೆ ಮುಗಿಯಿತು.

ಆ ಹೆಸರನ್ನು ಸುಮನಾ ಎರಡು ಸಲ ಓದಿದಳು. ತರೀಕೆರೆಯಲ್ಲಿ ಅವಳ ಅಕ್ಕ ಕೋಮಲಾಳ ಮನೆಯಲ್ಲಿ ಅಂಥದೇ ಒಂದು ಜೋಡಿ ಇತ್ತು. ಭಾವ ಕಾಂತರಾಜ್ ಕಡೂರಿನ ಅಂಗಡಿಯಿಂದ ಮಗಳು ಸ್ಫೂರ್ತಿಗೆಂದು ತಂದದ್ದು. ಗಾಜು ನೆಕ್ಕುವುದನ್ನು ನೋಡಿ ಸ್ಫೂರ್ತಿ ಅವಕ್ಕೆ ನೆಕ್ಕಪ್ಪ, ನೆಕ್ಕಮ್ಮ ಎಂದು ಹೆಸರಿಟ್ಟಿದ್ದಳು. “ಚಿಕ್ಕಮ್ಮಾ, ನೆಕ್ಕಪ್ಪ ಇವತ್ತು ಹೋಂವರ್ಕೂ ನೆಕ್ಬಿಟ್ಟ” ಎಂದು ಫೋನಿನಲ್ಲಿ ಸುಳ್ಳು ಹೇಳಿ ನಗುತ್ತಿದ್ದಳು. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು, ಮೂರನೆಯ ಕ್ಲಾಸಿನಲ್ಲೇ ಆ ಮಗು ಹೋಗಿಬಿಟ್ಟಿತು. ಮೀನೇನು ಮಾಡಿದಿರಿ ಎಂದು ಆಮೇಲೊಮ್ಮೆ ಕೇಳಿದಾಗ ಕೋಮಲಾ, “ಅಂಗಡಿಗೇ ವಾಪಸ್ ಕೊಟ್ವಿ ಕಣೇ” ಎಂದಿದ್ದಳು.

ಯಾರೋ ಬಿಟ್ಟಿರಬಹುದು, ಊರಿಗೆ ಇವರದೊಂದೇ ಅಕ್ವೇರಿಯಂ ಅಲ್ಲವಲ್ಲ ಎಂದು ಸುಮನಾ ತನಗೆ ತಾನೇ ಹೇಳಿಕೊಂಡಳು. ತರೀಕೆರೆಯ ರೈಲು ಹತ್ತಿದ ಮೇಲೂ ಬೀರೂರು ದಾಟುವ ತನಕ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಗುಡಿಯ ಸಮಿತಿಯ ರುದ್ರಮೂರ್ತಿಗೆ ಎಪ್ಪತ್ತರ ಹತ್ತಿರ. ಕೊಳದ ಕಟ್ಟೆಯ ಮೇಲೆ ಕೂತು ಅವಳ ಮಾತನ್ನೆಲ್ಲ ಕೇಳಿದ.

“ಅಲ್ಲ ತಾಯಿ, ನೀರು ಸಪ್ಪೆನೋ ಸಿಹಿನೋ ನಾವೂ ಹೇಳ್ತೀವಿ. ನೀನು ಅದ್ರಲ್ಲಿ ಯಾರ್ ಯಾರ್ ಮುಳುಗೆದ್ದವ್ರೆ ಅಂತ ಹೇಳ್ತೀಯಂತೆ! ನಮ್ಮನೆಯೋಳ ಮುಂದೆ ಮಾತ್ರ ಬಾಯಿ ಬಿಡ್ಬೇಡ. ದಿನಾ ಇಲ್ಲೇ ಸ್ನಾನ ಆಯ್ತು ಅಂತ ಹೇಳ್ಕಂಡು ಹೋಗ್ತೀನಿ.”

ಪಕ್ಕದಲ್ಲಿದ್ದ ಪಂಪ್‌ಸೆಟ್ಟಿನ ಈರಪ್ಪ ಜೋರಾಗಿ ನಕ್ಕ. ಸುಮನಾ ನಗಲು ಪ್ರಯತ್ನಿಸಿ, ಕೊಳ ಬತ್ತಿಸಬೇಕು ಎಂದಳು. ಮಳೆ ಹಿಡಿಯುವ ಮೊದಲು. ಈ ಕೊಳದ ಸ್ವಂತ ಮೀನುಗಳನ್ನು ಡ್ರಮ್ಮಿನಲ್ಲಿ ಸಾಗಿಸಿ ಬೇರೆ ಕಡೆ ಬಿಡೋಣ. ಈ ಕಪ್ಪು ಮೀನನ್ನು ಮಾತ್ರ ಒಂದೂ ಉಳಿಸುವಂತಿಲ್ಲ.

ರುದ್ರಮೂರ್ತಿಯ ಮುಖ ಬಿಗಿಯಿತು. “ದೇವರ ಕೊಳದ ಮೀನು ಕೊಲ್ಲು ಅಂತೀಯಾ? ನನ್ ಹೆಸರು ಹೇಳಿ ಉಗೀತಾರೆ ಜನ.”

ಅವಳು ವಾದ ಮಾಡಲಿಲ್ಲ. ಅವನನ್ನು ಕರೆದುಕೊಂಡು ಮೆಟ್ಟಿಲಿಳಿದು, ನೀರಂಚಿನಲ್ಲಿ ಕುಸಿದ ಎರಡು ಕಲ್ಲುಗಳ ಹಿಂದೆ ಕೈ ಹಾಕಿ ನೋಡಲು ಹೇಳಿದಳು. ರುದ್ರಮೂರ್ತಿಯ ತೋಳು ಮೊಣಕೈ ತನಕ ಒಳಗೆ ಹೋಯಿತು.

“ಅಯ್ಯೋ ಇವ್ನ! ಈ ಮೆಟ್ಲು ಕುಸೀತು ಅಂತ ನಾನು ಆ ಮೇಸ್ತ್ರಿ ವಂಶಾನೇ ಎತ್ತಿ ಬೈದಿದ್ದೆನಲ್ಲೋ ಈರಪ್ಪ!”

ಮುಂದಿನ ವಾರ ಬತ್ತಿಸುವುದೆಂದು ಅಲ್ಲೇ ತೀರ್ಮಾನವಾಯಿತು.

ಸುಮನಾ ಅಕ್ಕನ ಮನೆಗೆ ಬಂದಾಗ ಸಂಜೆಯಾಗಿತ್ತು. ಕೋಮಲಾ ಮೊದಲು ಹೀಗಿರಲಿಲ್ಲ. ಅಜ್ಜಂಪುರದ ಕಾಲೇಜಿನಲ್ಲಿ ಓದುವಾಗ ಬಸ್ಸಿನ ತುಂಬ ಕೇಳುವಂತೆ ನಗುತ್ತಿದ್ದವಳು. ಈಗ ಬಾಗಿಲು ತೆಗೆದು, “ಬಂದ್ಯಾ” ಎಂದು ಒಳಗೆ ಹೋಗುತ್ತಾಳೆ. ನಾಲ್ಕು ವರ್ಷದಿಂದ ಸುಮನಾ ಇಲ್ಲಿಗೆ ಬಂದಾಗಲೆಲ್ಲ ಕಣ್ಣಾಡಿಸುತ್ತಾಳೆ: ಅಕ್ಕ ಊಟ ಮಾಡಿದಳೇ, ತಲೆ ಬಾಚಿದ್ದಾಳೆಯೇ, ಮಾತ್ರೆಯ ಡಬ್ಬಿ ಎಷ್ಟು ಖಾಲಿಯಾಗಿದೆ. ಆ ದಿನ ಕಣ್ಣಿಗೆ ಬಿದ್ದದ್ದು ತರಕಾರಿ ಬುಟ್ಟಿಯಲ್ಲಿದ್ದ ಎಳೆ ಸೌತೆಕಾಯಿ. ಈ ಮನೆಯಲ್ಲಿ ಅದನ್ನು ತಿನ್ನುತ್ತಿದ್ದವಳು ಸ್ಫೂರ್ತಿ ಒಬ್ಬಳೇ. ತಾನು ಅರ್ಧ ತಿಂದು, ಉಳಿದದ್ದನ್ನು ಬಿಲ್ಲೆ ಮಾಡಿ ನೆಕ್ಕಪ್ಪನಿಗೆ ಹಾಕುತ್ತಿದ್ದಳು.

ಕಾಫಿ ಕುಡಿಯುತ್ತ ಸುಮನಾ ಕೊಳದ ವಿಷಯ ಹೇಳಿದಳು. ಏನೂ ಆಗದವಳಂತೆ ಹೇಳಿದಳು. ಕೋಮಲಾ ಲೋಟ ಕೆಳಗಿಟ್ಟು, “ಎಲ್ಲಾನೂ ಸಾಯಿಸ್ತೀರಾ?” ಎಂದಳು.

“ಆ ಕಪ್ಪು ಮೀನನ್ನ ಮಾತ್ರ ಅಕ್ಕಾ.”

ಕೋಮಲಾ ಎದ್ದು ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆಗಳಾಗಲೇ ತೊಳೆದಿದ್ದವು.

ಬೆಳಿಗ್ಗೆ ನೋಡಿದರೆ ಅವಳೂ ಇಲ್ಲ, ಬುಟ್ಟಿಯಲ್ಲಿ ಸೌತೆಕಾಯಿಯೂ ಇಲ್ಲ. ಕಾಂತರಾಜ್ ಹೊಸ್ತಿಲಲ್ಲಿ ನಿಂತು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

“ಸೋಮವಾರ ಅಲ್ವಾ, ಮಲ್ಲಪ್ಪನ ಗುಡಿಗೆ ಹೋಗ್ತಾಳೆ. ಯಾಕೆ ಏನು ಅಂತ ನಾನು ಕೇಳಕ್ಕೆ ಹೋಗಲ್ಲ ಸುಮನಾ. ವಾಪಸ್ ಬರೋವಾಗ ಮುಖ ಸ್ವಲ್ಪ ಸಡಿಲ ಆಗಿರುತ್ತೆ. ನಂಗಷ್ಟು ಸಾಕು.”

ಕೋಮಲಾ ಕೊಳದ ಕೊನೆಯ ಮೆಟ್ಟಿಲಲ್ಲಿ ಕೂತಿದ್ದಳು. ಸೌತೆಕಾಯಿಯ ಬಿಲ್ಲೆಯನ್ನು ದಾರದಲ್ಲಿ ಕಲ್ಲಿಗೆ ಕಟ್ಟಿ ನೀರಿಗೆ ಇಳಿಬಿಟ್ಟಿದ್ದಳು. ನೀರಿನೊಳಗೆ ಒಂದು ಕಪ್ಪು ನೆರಳು ಬಂದು ಬಿಲ್ಲೆಗೆ ಅಂಟಿಕೊಂಡಿತ್ತು. ತಂಗಿಯ ಹೆಜ್ಜೆ ಕೇಳಿದರೂ ಅವಳು ತಿರುಗಲಿಲ್ಲ.

“ಹೆದರಿಸ್ಬೇಡ. ಈಗಿನ್ನೂ ಬಂದವ್ನೆ.”

ಸುಮನಾ ಒಂದು ಮೆಟ್ಟಿಲು ಮೇಲೆ ಕೂತಳು. ಕೋಮಲಾ ತಾನಾಗಿಯೇ ಹೇಳಿದಳು.

“ಅಜ್ಜಿ ಹೋದಾಗ ಅಪ್ಪ ಅವಳ ಕರು ಮಠಕ್ಕೆ ಬಿಡ್ಲಿಲ್ವಾ? ಹೋದೋರು ಸಾಕಿದ ಜೀವಾನ ಮನೇಲಿ ಇಟ್ಕೋಬಾರ್ದು, ದೇವರಿಗೆ ಬಿಡ್ಬೇಕು ಅಂತಾರೆ. ಇವಳು ಸಾಕಿದ್ದು ಮೀನು. ಮೀನ್ನ ಮಠಕ್ಕೆ ಹೆಂಗೆ ಬಿಡ್ಲಿ ಹೇಳು? ಕೊಡದಲ್ಲಿ ಇಟ್ಕೊಂಡು ಬಂದು ಇಲ್ಲಿ ಬಿಟ್ಟೆ. ಇಲ್ಲಾದ್ರೆ ಯಾರೂ ಹಿಡಿಯಲ್ಲ, ತಿನ್ನಲ್ಲ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಓದಿದೋಳು. ಬೈತಿದ್ದೆ.”

ಬೈಯುತ್ತಿದ್ದದ್ದು ನಿಜ. ಸುಮನಾ ಪಟ್ಟೆಮೀನಿನ ವಿಷಯ ಹೇಳಿದಳು, ಹಳ್ಳದ ವಿಷಯ ಹೇಳಿದಳು. ಈಗ ಒಂದು ಜೋಡಿಯಲ್ಲ, ಮರಿಯಾಗಿ, ಮರಿ ಬೆಳೆದು ಕೊಳದ ತುಂಬ ಆಗಿವೆ ಎಂದಳು. ಕೋಮಲಾ ಸರಕ್ಕನೆ ತಿರುಗಿದಳು. ಅವಳ ಮುಖ ಬೆಳಗಿತ್ತು.

“ಮರಿ ಹಾಕವಾ? ನೆಕ್ಕಪ್ಪಂಗೆ ಮಕ್ಕಳಾದ್ವಾ?”

ಸುಮನಾ ನೀರಿನ ಕಡೆ ನೋಡಿದಳು. ಅಷ್ಟರಲ್ಲಿ ಕೋಮಲಾಳೇ ಅರ್ಥ ಮಾಡಿಕೊಂಡಳು. ದಾರವನ್ನು ಬೆರಳಿಗೆ ಸುತ್ತುತ್ತ ಕೂತಳು.

“ಉಳಿದಿದ್ದು ನಿಮ್ ಇಷ್ಟ. ಅವನೊಬ್ಬನ್ನ ನಂಗೆ ಕೊಡ್ಸೇ ಸುಮಿ. ಮನೇಲೇ ಇಟ್ಕೋತೀನಿ, ಇನ್ನೆಲ್ಲೂ ಬಿಡಲ್ಲ. ಅವಳು ಮುಟ್ಟಿದ್ದು ಅಂತ ಉಸಿರಾಡೋದು ಅದೊಂದೇ ಇರೋದು ನಂಗೆ.”

“ಕೊಡಿಸ್ತೀನಿ. ಗುರುತು ಹಿಡೀತೀಯಾ?”

“ಬಾಲದ ಮೇಲ್ತುದಿ ಹರಿದಿತ್ತು. ಅವಳೇ ಮುಚ್ಚಳ ಹಾಕೋವಾಗ ಸಿಕ್ಕಿಸಿ ಅತ್ತಿದ್ದಳಲ್ಲ. ಗುರುತು ಹಿಡೀತೀಯಾ ಅಂತೀಯಲ್ಲೇ, ಹೆತ್ತೋಳಿಗೆ ಅವಳ ಮಗೂದೇ ಗುರುತು ಕೇಳ್ದಂಗೆ.”

ಕೊಳ ಬತ್ತಿಸುವ ದಿನ ಊರಿನ ಅರ್ಧ ಜನ ಕಟ್ಟೆಯ ಮೇಲಿದ್ದರು. ಪಂಪಿನ ನೀರನ್ನು ಹಳ್ಳಕ್ಕೆ ಬಿಡದೆ ಪಕ್ಕದ ಹೊಲಕ್ಕೆ ತಿರುಗಿಸಿದ್ದರು. ನೀರು ಇಳಿದಂತೆಲ್ಲ ಮಾತು ಜೋರಾಯಿತು. ಯಾರದೋ ಕಳೆದುಹೋದ ಚೊಂಬು ಸಿಕ್ಕಿ ನಗು ಎದ್ದಿತು. ದೇಸಿ ಮೀನುಗಳೆಲ್ಲ ಡ್ರಮ್ಮು ಸೇರಿದವು. ಕೊನೆಗೆ ನಡುವಿನ ಗುಂಡಿಯ ಕೆಸರಿನಲ್ಲಿ ಕಪ್ಪು ಮೀನುಗಳು ಉಳಿದವು. ಒಂದರ ಮೇಲೊಂದು, ಮಣ್ಣಿನ ಬಣ್ಣವೇ ಆಗಿ ಹೊರಳುತ್ತಿದ್ದವು. ಎಷ್ಟೆಂದು ಯಾರೂ ಊಹಿಸಿರಲಿಲ್ಲ. ಕಟ್ಟೆಯ ಮೇಲಿದ್ದವರು ಅಂಚಿಗೆ ಬಂದು ಬಗ್ಗಿ ನೋಡಿದರು.

ಕೋಮಲಾ ಸೀರೆ ಎತ್ತಿ ಸಿಕ್ಕಿಸಿಕೊಂಡು, ನೀರು ತುಂಬಿದ ಟಬ್ಬು ಹಿಡಿದು ಕೆಸರಿಗಿಳಿದಳು. ಒಂದನ್ನು ಎತ್ತಿದಳು, ಬಾಲ ಬಿಡಿಸಿ ನೋಡಿದಳು, ಇಟ್ಟಳು. ಇನ್ನೊಂದು. ಮತ್ತೊಂದು. ಒಂದಕ್ಕೊಂದು ಕಚ್ಚಾಡಿ, ಕಲ್ಲಿನ ಸಂದಿಗೆ ಉಜ್ಜಿ, ಬಾಲ ಹರಿಯದ ಮೀನೇ ಅಲ್ಲಿರಲಿಲ್ಲ. ಅವಳು ಮೀನಿನ ಮುಖಗಳನ್ನು ತನ್ನ ಮುಖದ ಹತ್ತಿರ ತಂದು ನೋಡತೊಡಗಿದಳು. ಈರಪ್ಪ ಯಾರೂ ಹೇಳದೆ ಪಂಪ್ ಆಫ್ ಮಾಡಿದ. ರುದ್ರಮೂರ್ತಿ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಗೊತ್ತಾಗ್ತಿಲ್ಲ ಕಣೇ ಸುಮಿ,” ಎಂದಳು ಕೋಮಲಾ. ಜೋರಾಗೇನೂ ಹೇಳಲಿಲ್ಲ. “ಎಲ್ಲಾ ಅವನ ಥರಾನೇ ಅವೆ.”

“ದೊಡ್ಡವನ್ನೆಲ್ಲ ಟಬ್ಬಿಗೆ ಹಾಕು ಅಕ್ಕಾ. ಆಮೇಲೆ ನೋಡೋಣ.”

“ಬ್ಯಾಡ. ಯಾವನ್ನೋ ತಂದಿಟ್ಕೊಂಡು ಅವನೇ ಅಂತ ಹೆಂಗೆ ಸೌತೆಕಾಯಿ ಹಾಕ್ಲಿ? ಇಷ್ಟು ದಿನ ಬರ್ತಿದ್ದೋನು ಯಾರೋ ಏನೋ.” ಟಬ್ಬಿನ ನೀರನ್ನು ಕೆಸರಿಗೆ ಚೆಲ್ಲಿದಳು. ಮೇಲೆ ಹತ್ತಿ ಬಂದು, “ಸತ್ತ ಮೇಲಾದ್ರೂ ಯಾವುದು ಅಂತ ನಿನ್ ಮಿಷನ್ ಹೇಳುತ್ತಾ?” ಎಂದು ಕೇಳಿದಳು.

“ಹೇಳ್ಬಹುದು.”

“ಹಂಗಾದ್ರೆ ಅವನನ್ನ ತಂದ್ಕೊಡು. ತೋಟದಲ್ಲಿ ಅವಳ ಪಕ್ಕ ಮಣ್ಣು ಮಾಡ್ತೀನಿ.”

ಗುಡಿಯ ಎಲ್ಲೆಯಾಚೆ ಗುಂಡಿ ತೋಡಿ ಸುಣ್ಣ ಹಾಕಿದ್ದರು. ಅದಕ್ಕೆ ಹಾಕುವ ಮುನ್ನ ಸುಮನಾ ಪ್ರತಿಯೊಂದರ ಬಾಲದ ಚೂರು ಕತ್ತರಿಸಿಕೊಂಡಳು. ದೊಡ್ಡ ಮೀನುಗಳನ್ನು ಗುರುತುಚೀಟಿ ಕಟ್ಟಿ ಐಸಿನ ಪೆಟ್ಟಿಗೆಯಲ್ಲಿಟ್ಟಳು. ಹೋಲಿಸುವುದಕ್ಕೆ ನೆಕ್ಕಪ್ಪನದೇ ಏನಾದರೂ ಬೇಕಿತ್ತು. ಕಾಂತರಾಜ್ ಅಟ್ಟದಿಂದ ಹಳೆಯ ಅಕ್ವೇರಿಯಂ ಇಳಿಸಿದ. ಕೋಮಲಾ ಅದನ್ನು ತೊಳೆದೇ ಇರಲಿಲ್ಲ. ಗಾಜಿನ ಒಳಗೋಡೆಯಲ್ಲಿ ಪಾಚಿ ಒಣಗಿ ಚಕ್ಕೆಯಾಗಿ ಅಂಟಿತ್ತು. ಸುಮನಾ ಕೈಗವಸು ಹಾಕಿಕೊಂಡು ಅದನ್ನು ಕೆರೆದಳು. ನಡುವೆ ಒಮ್ಮೆ ಗವಸು ತೆಗೆದು, ಬೆವರು ಒರೆಸಿಕೊಂಡು, ಮತ್ತೆ ಹೊಸದು ಹಾಕಿಕೊಂಡು ಕೆರೆದಳು. ಹಿಂತಿರುಗುವ ಮುನ್ನ ಹಳ್ಳದ ಕೆಳಭಾಗದ ನೀರನ್ನೂ ತುಂಬಿಕೊಂಡಳು. ಅಲ್ಲಿಂದ ಮೊದಲ ಸಲ ತಂದಿರಲಿಲ್ಲ.

ಫಲಿತಾಂಶ ಬರುವ ವೇಳೆಗೆ ಮಳೆ ಹಿಡಿದಿತ್ತು. ಮನುಷ್ಯರಲ್ಲಿ ಇದು ಯಾರ ಮಗು ಎಂದು ಕಂಡುಹಿಡಿಯುವ ಪರೀಕ್ಷೆಯನ್ನೇ ಅವಳು ಮೀನುಗಳಿಗೆ ಮಾಡಿದ್ದಳು. ಒಣಪಾಚಿಯಲ್ಲಿ ಎರಡು ಮೀನುಗಳ ಗುರುತಿತ್ತು. ಕೊಳದ ಮೀನುಗಳೆಲ್ಲ ಅವೆರಡಕ್ಕೂ ಅರ್ಧರ್ಧ ಹೊಂದಿದವು. ಪೂರ್ತಿ ಹೊಂದಿದ್ದು ಒಂದೂ ಇಲ್ಲ. ಎಲ್ಲ ಮಕ್ಕಳು. ನೆಕ್ಕಪ್ಪನೂ ಇಲ್ಲ, ನೆಕ್ಕಮ್ಮನೂ ಇಲ್ಲ.

ಹಳ್ಳದ ಕೆಳಭಾಗದ ಬಾಟಲಿಗಳನ್ನು ಅವಳು ಕೊನೆಗೆ ತೆರೆದು ನೋಡಿದಳು. ಪ್ರತಿಯೊಂದರಲ್ಲೂ ಟ್ಯಾಂಕ್ ಕ್ಲೀನರ್ ಇತ್ತು. ಪಟ್ಟೆಮೀನು ಯಾವುದರಲ್ಲೂ ಇರಲಿಲ್ಲ. ಹಿಂದಿನ ಯಾವುದೋ ಮಳೆಗಾಲದಲ್ಲೇ ಕೊಳ ಉಕ್ಕಿ ಅವು ಇಳಿದುಹೋಗಿದ್ದವು. ಕೊಳ ಬತ್ತಿಸಿದ್ದು, ಸುಣ್ಣದ ಗುಂಡಿ, ಅಕ್ಕನ ಸೋಮವಾರಗಳನ್ನು ಕಿತ್ತುಕೊಂಡದ್ದು ಎಲ್ಲ ತಡವಾಗಿ ಮಾಡಿದ ಕೆಲಸ. ಹಳ್ಳದ ಮೇಲ್ಭಾಗಕ್ಕೆ ಅವು ಏರುವುದು ಈ ಮಳೆಯಲ್ಲೋ ಮುಂದಿನ ಮಳೆಯಲ್ಲೋ, ಅಷ್ಟೇ ವ್ಯತ್ಯಾಸ.

ಒಣಪಾಚಿಯಲ್ಲಿ ಸಿಕ್ಕ ಜೀವಿಗಳ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಮನುಷ್ಯ. ಅದು ಪ್ರತಿ ಸಲವೂ ಇರುತ್ತದೆ. ಬಾಟಲಿ ಮುಟ್ಟಿದವರದು, ಕೆಮ್ಮಿದವರದು. ಕಲಬೆರಕೆ ಎಂದು ಮೊದಲು ಅಳಿಸುವುದೇ ಆ ಸಾಲನ್ನು. ಹದಿನೈದು ವರ್ಷದಲ್ಲಿ ಸುಮನಾ ಎಷ್ಟು ಸಲ ಅಳಿಸಿದ್ದಾಳೋ. ಈಗ ತಡೆದಳು. ಗಾಜಿನೊಳಗೆ ಕೈ ಹಾಕಿ ಸೌತೆಕಾಯಿ ಬಿಡುತ್ತಿದ್ದವಳು ಸ್ಫೂರ್ತಿ. ಆದರೆ ಕೊಡಕ್ಕೆ ಮೀನು ಹಾಕಿಕೊಂಡವಳು ಅಕ್ಕ, ಗವಸು ಬದಲಿಸಿದವಳು ತಾನು. ಓದಿದ್ದು ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎಯ ಭಾಗ. ತೀರ್ಥಮ್ಮನಿಂದ ಇಬ್ಬರು ಹೆಣ್ಣುಮಕ್ಕಳಿಗೆ, ಕೋಮಲಾಳಿಂದ ಸ್ಫೂರ್ತಿಗೆ, ಒಂದಕ್ಷರ ಬದಲಾಗದೆ ಅದೇ ಬಂದಿರುತ್ತದೆ. ಆ ಸಾಲು ಯಾರದೆಂದು ಯಾವ ಮಿಷನ್ನೂ ಹೇಳಲಾರದು. ಸುಮನಾ ಅದನ್ನು ಅಳಿಸದೆ ಕಂಪ್ಯೂಟರ್ ಮುಚ್ಚಿದಳು.

ಫೋನಿನಲ್ಲಿ ಹೇಳುವುದಾಗಲಿಲ್ಲ. ತರೀಕೆರೆಯಲ್ಲಿ ರೈಲಿಳಿದು ಮಳೆಯಲ್ಲೇ ನಡೆದು ಬಂದಳು. ಕೋಮಲಾ ಬಾಗಿಲು ತೆಗೆದು, ಮೊದಲು ಅವಳ ಕೈ ನೋಡಿದಳು. ಕೈ ಖಾಲಿ.

“ಸಿಗ್ಲಿಲ್ವಾ?”

“ಅವುಗಳಲ್ಲಿ ಅವನಿರಲಿಲ್ಲ ಅಕ್ಕಾ. ಎಲ್ಲಾ ಅವನ ಮಕ್ಕಳು.”

“ಹಂಗಾದ್ರೆ ಅವನು?”

ಇಲ್ಲ ಎಂದುಬಿಡಬಹುದಿತ್ತು. ಸತ್ತಿರಬೇಕು ಎಂದುಬಿಡಬಹುದಿತ್ತು. ಸುಮನಾ ಮಾತುಗಳನ್ನು ಒಂದೊಂದಾಗಿ ತೂಗಿ ಹೇಳುವವಳು. ಆ ಹೊತ್ತಿನಲ್ಲಿ ತೂಕ ಮಾಡಲು ನಿಜವೊಂದೇ ಇತ್ತು.

“ಕೊಳ ಉಕ್ಕಿದಾಗ ಹಳ್ಳಕ್ಕೆ ಹೋಗಿರ್ಬೇಕು. ಹಳ್ಳದ ನೀರಲ್ಲೂ ಈ ಮೀನಿನ ಗುರುತು ಸಿಕ್ಕಿದೆ.”

ಕೋಮಲಾ ಗೋಡೆ ಹಿಡಿದು ನಿಂತಳು. “ಹಳ್ಳ ಎಲ್ಲಿಗೋಗುತ್ತೆ?”

“ಭದ್ರೆಗೆ.”

“ಅಲ್ಲಿಂದ?”

“ಕೂಡ್ಲಿ. ಆಮೇಲೆ ತುಂಗಭದ್ರೆ, ಕೃಷ್ಣೆ.”

“ಸಮುದ್ರದ ತನಕಾನಾ?”

ಸಮುದ್ರದ ತನಕ ಹೋಗಲಾರದು ಎಂದು ಸುಮನಾ ಬಾಯಿ ತೆರೆಯುವಷ್ಟರಲ್ಲಿ ಕೋಮಲಾ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಿಂದ, ಅಜ್ಜಂಪುರದ ಬಸ್ಸಿನಲ್ಲಿ ನಗುತ್ತಿದ್ದ ಹಾಗೆ. “ನೋಡ್ದೇನೇ ಕಳ್ಳನ್ನ! ನಾನು ಇಲ್ಲಿ ವಾರ ವಾರ ಸೌತೆಕಾಯಿ ಹೊತ್ಕೊಂಡು ಹೋಗ್ತಿದ್ರೆ ಅವನು ಊರೇ ಬಿಟ್ಟೋಗವ್ನೆ! ಬದುಕ್ಕಂಡವ್ನೆ ಕಣೇ ಸುಮಿ! ರೀ, ಕೇಳುದ್ರಾ?” ಎಂದು ಒಳಗೆ ಕೂಗಿದಳು. ಕಾಂತರಾಜ್ ಕೋಣೆಯಿಂದ ಓಡಿಬಂದು, ಏನಾಯಿತೆಂದು ತಿಳಿಯದೆ, ನಗುವ ಹೆಂಡತಿಯನ್ನು ನೋಡುತ್ತ ನಿಂತ. ಅವನ ಕಣ್ಣು ತುಂಬಿತ್ತು.

ಬೆಟ್ಟದ ಮೇಲೆ ಮಳೆ ಜೋರಾಗುತ್ತಿತ್ತು. ಹಳ್ಳ ಏರುತ್ತಿರಬೇಕು. ಇಷ್ಟು ವರ್ಷ ಓಡಾಡಿ ಕೊನೆಗೆ ಸಿಕ್ಕಿದ ಆ ಬೆರಳುದ್ದದ ಮೀನು ಈಗ ಯಾವ ಕಲ್ಲಿನಡಿ ಇದೆಯೋ. ಅದರ ಬಗ್ಗೆ ಸುಮನಾ ಈ ಮನೆಯಲ್ಲಿ ಇನ್ನು ಯಾವತ್ತೂ ಮಾತೆತ್ತುವಂತಿರಲಿಲ್ಲ.

ಕೋಮಲಾ ಅಡುಗೆಮನೆಗೆ ಹೋಗಿ ಬುಟ್ಟಿಯಿಂದ ಸೌತೆಕಾಯಿ ತೆಗೆದು, ಬಿಲ್ಲೆ ಕೊಯ್ದು, ಉಪ್ಪು ಖಾರ ಸವರಿ ತಟ್ಟೆಯಲ್ಲಿ ತಂದಳು. ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ತಿಂದಿರಲಿಲ್ಲ. ತಾನೊಂದು ಬಾಯಿಗೆ ಹಾಕಿಕೊಂಡು, ತಟ್ಟೆಯನ್ನು ತಂಗಿಯ ಮುಂದೆ ಹಿಡಿದಳು.

“ತಗೋಳೇ. ಸುಮ್ನೆ ಯಾಕೆ ಅಳ್ತೀಯ? ಖುಷಿ ಪಡೋ ವಿಷಯ ಹೇಳಿ.”

ಸುಮನಾ ಒಂದು ಬಿಲ್ಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಉಪ್ಪು ಖಾರದೊಳಗೆ ಅದು ಬರೀ ನೀರು. ನುಂಗುವುದಕ್ಕೆ ಬಹಳ ಹೊತ್ತು ಹಿಡಿಯಿತು.